ಪಂಪ್ ಹೋಗಿದೆ ಅನ್ನುವ ಮೊದಲು: ಎಸ್ಪ್ರೆಸೊ ಮಷಿನ್‌ನಲ್ಲಿ ನೀರು ಬಾರದಿದ್ದರೆ

ಬಂಟ್ವಾಳದ ನಮ್ಮ ಗೆಳೆಯನ ಮನೆಯಲ್ಲಿ ಒಂದು ಎಸ್ಪ್ರೆಸೊ ಮಷಿನ್ ಉಂಟು. ಅವನ ಅಕ್ಕ ಮೊದಲ ಸಂಬಳದಲ್ಲಿ ತಂದದ್ದು. ಎರಡು ತಿಂಗಳು ಟ್ಯಾಂಕ್ ಖಾಲಿ ಮಾಡಿ ಇಟ್ಟಿದ್ದರು. ಮತ್ತೆ ಆನ್ ಮಾಡಿದರೆ ಪಂಪ್ ಗರಗರ ಅನ್ನುತ್ತದೆ, ನೀರು ಮಾತ್ರ ಒಂದು ಹನಿಯೂ ಇಲ್ಲ. ರಿಪೇರಿಯವರೊಬ್ಬರು ಫೋನಿನಲ್ಲೇ "ಪಂಪ್ ಹೋಗಿದೆ, ಹೊಸತು ಹಾಕ್ಬೇಕು" ಅಂದರು. ಮೂಡುಬಿದಿರೆಯಿಂದ ನಾವು ಮೂವರು ಹೋಗಿ ನೋಡಿದೆವು. ನಮ್ಮಲ್ಲಿದ್ದ ಬೆಳ್ತಂಗಡಿಯ ಹುಡುಗ ಶಬ್ದ ಕೇಳಿದವನೇ, "ಏರ್ ಹಿಡಿದದ್ದು ಮಾರಾಯ, ನಮ್ಮ ತೋಟದ ಪಂಪಿನ ಹಾಗೇ" ಅಂದ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ನೀರಿನ ದಾರಿ

ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನ ಭಾರಕ್ಕೆ ಇಳಿಯುತ್ತದೆ. ಎಸ್ಪ್ರೆಸೊಗೆ ಸುಮಾರು 9 ಬಾರ್ ಒತ್ತಡ ಬೇಕು. ಅಂದರೆ 90 ಮೀಟರ್ ಎತ್ತರದ ನೀರಿನ ಕಂಬ; 15 ಮೀಟರಿನ ಆರು ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು! ಮನೆಯ ಮಷಿನ್‌ಗಳಲ್ಲಿ ಹೆಚ್ಚಾಗಿ ಇರುವುದು ವೈಬ್ರೇಶನ್ ಪಂಪ್. ಕಾಯಿಲ್ ಒಳಗೊಂದು ಪಿಸ್ಟನ್, ಜೊತೆಗೆ ಒಂದು ಡಯೋಡ್. ಕರೆಂಟಿನ ಅರ್ಧ ಅಲೆ ಮಾತ್ರ ಸಿಗುವುದರಿಂದ 50 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 50 ಸಲ ಬಡಿಯುತ್ತದೆ.

ದಾರಿ ಹೀಗೆ: ಟ್ಯಾಂಕ್, ಪೈಪ್, ಪಂಪ್, ಬಾಯ್ಲರ್. ಅಲ್ಲಿಂದ ಎರಡು ಕವಲು. ಒಂದು ಹಾಲು ನೊರೆ ಮಾಡುವ ಸ್ಟೀಮ್ ನಳಿಗೆಗೆ, ಇನ್ನೊಂದು ಜಾಲರಿಯ ಮೂಲಕ ಕಾಫಿ ಪುಡಿಗೆ. ಈ ಕವಲೇ ನಮ್ಮ ಟೆಸ್ಟ್ ಪಾಯಿಂಟ್.

ಪರೀಕ್ಷೆ

1. ಕಾಫಿ ಪುಡಿಯ ಬಟ್ಟಲನ್ನು ತೆಗೆದಿಟ್ಟು ಪಂಪ್ ಆನ್ ಮಾಡಿ. ನೀರು ಚೆನ್ನಾಗಿ ಬಂದರೆ ಮಷಿನ್ ಸರಿ ಉಂಟು. ಪುಡಿ ತೀರಾ ನುಣ್ಣಗಾಗಿದೆ ಅಥವಾ ಹೆಚ್ಚಾಗಿದೆ.

2. ಅಲ್ಲಿ ಬಾರದೆ ಸ್ಟೀಮ್ ನಳಿಗೆಯಲ್ಲಿ ಮಾತ್ರ ನೀರು ಬಂದರೆ ಪಂಪ್ ಬದುಕಿದೆ. ಕಟ್ಟಿರುವುದು ಜಾಲರಿ ಅಥವಾ ಅದರ ಹಿಂದಿನ ವಾಲ್ವ್. ಮಷಿನ್ ತಣಿದ ಮೇಲೆ ಜಾಲರಿ ಬಿಚ್ಚಿ, ಬಿಸಿನೀರಲ್ಲಿ ನೆನೆಸಿ, ಬ್ರಷ್‌ನಲ್ಲಿ ಉಜ್ಜಿ.

3. ಎರಡೂ ಕಡೆ ಇಲ್ಲದಿದ್ದರೆ ಟ್ಯಾಂಕ್ ಸರಿಯಾಗಿ ಕೂತಿದೆಯಾ, ಪೈಪ್ ಮಡಚಿದೆಯಾ ನೋಡಿ. ಆಮೇಲೆ ಗಾಳಿಯ ಸಂಶಯ. ನೀರು ತುಂಬಿದ ಪಂಪಿನ ಶಬ್ದ ತಗ್ಗಿರುತ್ತದೆ. ಗಾಳಿ ಹಿಡಿದದ್ದು ಜೋರಾಗಿ ಗರಗರ ಅನ್ನುತ್ತದೆ.

ಗಾಳಿ ಬಿಡಿಸುವುದು

ತೋಟದ ಪಂಪಿಗೆ ನೀರು ಹೊಯ್ದು ಸ್ಟಾರ್ಟ್ ಮಾಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಕಾರಣ ಸ್ವಲ್ಪ ಬೇರೆ: ಪಿಸ್ಟನ್‌ನ ಚಲನೆ ಬಹಳ ಚಿಕ್ಕದು, ಅದರಲ್ಲಿ ಗಾಳಿ ಕುಗ್ಗಿ ಹಿಗ್ಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಮದ್ದು ಮಾತ್ರ ಒಂದೇ. ಸ್ಟೀಮ್ ನಳಿಗೆ ತೆರೆದಿಟ್ಟು ಪಂಪನ್ನು 10 ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ. ಒಣಗಿದ ಪಂಪ್ ಬೇಗ ಬಿಸಿಯಾಗುತ್ತದೆ, ಉದ್ದಕ್ಕೆ ಓಡಿಸಬೇಡಿ. ಆಗದಿದ್ದರೆ ಪ್ಲಗ್ ತೆಗೆದು, ಟ್ಯಾಂಕ್ ಕೂರುವ ತೂತಿಗೆ ಸೂಜಿ ಇಲ್ಲದ ಸಿರಿಂಜಿನಿಂದ ನಿಧಾನವಾಗಿ ನೀರು ಒತ್ತಿ.

ನಾವು ಮಾಡಿದ್ದು ಇದನ್ನೇ. ಎರಡನೇ ಸಿರಿಂಜಿಗೆ ಶಬ್ದ ಬದಲಾಯಿತು, ನಳಿಗೆಯಿಂದ ನೀರು ಹಾರಿತು. ಆದರೆ ಕಾಫಿಯ ಕಡೆ ಇನ್ನೂ ಸಣ್ಣ ಧಾರೆ. ಜಾಲರಿ ಬಿಚ್ಚಿದರೆ ಹಳೇ ಪುಡಿ ಕಪ್ಪಗೆ ಅಂಟಿತ್ತು. ಒಂದು ಮಷಿನ್‌ಗೆ ಎರಡು ದೋಷ. ಹೊಸ ಪಂಪ್ ಹಾಕಿದ್ದರೂ ಎರಡನೆಯದು ಹಾಗೇ ಉಳಿಯುತ್ತಿತ್ತು.

ಸುಣ್ಣದ ಸಂಶಯ ಇದ್ದರೆ ಮನೆಯಲ್ಲಿ ದಿನಾ ನೀರು ಕಾಯಿಸುವ ಪಾತ್ರೆಯ ತಳ ನೋಡಿ. ಬಿಳಿ ಪದರ ಕಟ್ಟಿದ್ದರೆ ಮಷಿನ್ ಒಳಗೂ ಕಟ್ಟುತ್ತಿದೆ. ಕೈಪಿಡಿಯಲ್ಲಿ ಹೇಳಿದ ದ್ರಾವಣದಿಂದಲೇ ತೊಳೆಯಿರಿ.

ಎರಡು ಎಚ್ಚರಿಕೆ: ಒತ್ತಡ ಇರುವಾಗ ಪುಡಿಯ ಬಟ್ಟಲು ತಿರುಗಿಸಬೇಡಿ, ಬಿಸಿ ಪುಡಿ ಮುಖಕ್ಕೆ ಹಾರುತ್ತದೆ. ಪ್ಲಗ್ ತೆಗೆಯದೆ ಮುಚ್ಚಳ ಬಿಚ್ಚಬೇಡಿ, ಒಳಗಿರುವುದು 230 ವೋಲ್ಟ್.

ಇಷ್ಟೆಲ್ಲ ಮಾಡಿಯೂ ನೀರು ಬಾರದಿದ್ದರೆ ಆಗ ಪಂಪಿನ ಮೇಲೆ ಸಂಶಯ ಪಡಿ. ನಮಗೆ ಆ ದಿನ ಖರ್ಚಾದದ್ದು ಒಂದು ಸಿರಿಂಜ್ ಮಾತ್ರ. ಸಂಜೆ ಅಕ್ಕನಿಗೆ ವಿಡಿಯೊ ಕಾಲ್ ಮಾಡಿ ಕಾಫಿ ತೋರಿಸಿದೆವು.