ತಂತಿಯಿಲ್ಲದ ಮೌಸು: ಕೊಳ್ಳುವ ಬಗೆ, ಹಿಡಿಯುವ ಬಗೆ



ಇಲಿಯ ಹೆಸರೆತ್ತಿದರೆ ಒಕ್ಕಲಿಗನಿಗೆ ಮೊದಲು ನೆನಪಾಗುವುದು ಬದುವಿನ ಬಿಲ, ಕಡಿದುಹಾಕಿದ ಶೇಂಗಾ ಬಳ್ಳಿ, ತೂತು ಬಿದ್ದ ಚೀಲ. ಈ ಸಲದ ಪಾಠ ಆ ಇಲಿಯದಲ್ಲ. ಕಂಪ್ಯೂಟರಿನ ಪಕ್ಕದಲ್ಲಿ ಅಂಗೈಯಡಿ ಇಟ್ಟು ಆಡಿಸುವ ಒಂದು ಸಣ್ಣ ಸಾಧನಕ್ಕೂ ಇಂಗ್ಲಿಷಿನಲ್ಲಿ ಇಲಿಯೆಂದೇ ಹೆಸರು, ಅದೇ ಮೌಸು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರರು ಇದನ್ನು ಕಲ್ಪಿಸಿದರು. ಅವರ ಜೊತೆಗಾರ ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿಕೊಟ್ಟರು. ಆ ಮೊದಲನೆಯದು ಕಟ್ಟಿಗೆಯದು, ಕೆಳಗೆ ಎರಡು ಲೋಹದ ಗಾಲಿ. 1968ರ ಡಿಸೆಂಬರ್ 9ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಜನರೆದುರು ಅದನ್ನು ಆಡಿಸಿ ತೋರಿಸಿದರು. ಅದಕ್ಕೊಂದು ತಂತಿಯ ಬಾಲವಿತ್ತು. ಈಗ ಪೇಟೆಯಲ್ಲಿ ಸಿಗುವ ಬಹಳಷ್ಟು ಮೌಸುಗಳಿಗೆ ಆ ಬಾಲವೂ ಇಲ್ಲ.

ಈ ಪಾಠ ಹೇಳತೊಡಗಿದಾಗ ಒಬ್ಬ ಹಿರಿಯರು, “ಬಾಲ ಇಲ್ಲದ ಇಲಿ ನಮ್ಮ ಮಾತ್ ಕೇಳತೈತೇನ್ರಿ? ಅದೆಲ್ಲ ಹುಡುಗೂರ ಕೆಲಸ,” ಎಂದರು. ಹುಡುಗರ ಕೆಲಸವೆಂದು ಬಿಟ್ಟರೆ ಆಗುವ ನಷ್ಟ ಯಾರದು ಎಂಬುದನ್ನು ಮೊದಲು ನೋಡೋಣ.

ನಮ್ಮ ರಾಜ್ಯದಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರಿನ ಪಹಣಿ ಬಂದದ್ದು 2000ನೆಯ ಇಸವಿಯ ಆಚೀಚೆ, ‘ಭೂಮಿ’ ಯೋಜನೆಯಿಂದ. ಆಗ ತಾಲೂಕು ಕಚೇರಿಯ ಭೂಮಿ ಕೇಂದ್ರಗಳಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಮಾಡಿದ್ದರು. ಕೆಲಸಗಾರನ ಕಡೆಗೆ ಒಂದು ಪರದೆ, ಕಿಟಕಿಯಾಚೆ ನಿಂತ ರೈತನ ಕಡೆಗೆ ಮುಖಮಾಡಿದ ಇನ್ನೊಂದು ಪರದೆ. ತನ್ನ ಹೊಲದ ಲೆಕ್ಕದಲ್ಲಿ ಏನು ನಡೆದಿದೆಯೆಂದು ರೈತನು ಕಣ್ಣಾರೆ ನೋಡಲಿ ಎಂಬುದು ಅದರ ಉದ್ದೇಶ. ಆದರೆ ಮೌಸು ಇದ್ದದ್ದು ಕಿಟಕಿಯ ಒಳಗೆ. ಪುಟವನ್ನು ಎಲ್ಲಿ ನಿಲ್ಲಿಸಬೇಕು, ಯಾವ ಕಲಮನ್ನು ಎರಡನೆಯ ಸಲ ನೋಡಬೇಕು ಎಂಬುದು ಮೌಸು ಹಿಡಿದವನ ಇಚ್ಛೆ. ಈಗ ಪಹಣಿಯನ್ನು ಮನೆಯಲ್ಲಿಯೇ ಕುಳಿತು ನೋಡಬಹುದು. 9ನೆಯ ಕಲಮಿನಲ್ಲಿ ಯಾರ ಹೆಸರಿದೆ, 11ನೆಯದರಲ್ಲಿ ತೀರಿದ ಸಾಲ ಇನ್ನೂ ಕುಳಿತಿದೆಯೇ, 12ನೆಯದರಲ್ಲಿ ಯಾವ ಬೆಳೆ ಬರೆದಿದೆ ಎಂದು ಬೇಕಾದಷ್ಟು ಹೊತ್ತು ಪರೀಕ್ಷಿಸಬಹುದು. ಹೊಲದಲ್ಲಿ ಸೂರ್ಯಕಾಂತಿ, ದಾಖಲೆಯಲ್ಲಿ ಸಜ್ಜೆ ಎಂದಾದರೆ ಬೆಳೆವಿಮೆಯ ಪರಿಹಾರಕ್ಕೆ ತೊಡಕು ಬರುತ್ತದೆ. ಹನುಮಸಾಗರ ಹೋಬಳಿಯಂಥ ಮಳೆ ನೆಚ್ಚಿದ ಸೀಮೆಯಲ್ಲಿ ಆ ಪರಿಹಾರವೆಂದರೆ ಮುಂದಿನ ವರ್ಷದ ಬೀಜ, ಗೊಬ್ಬರ. ಅದಕ್ಕಾಗಿಯೇ ಈ ಸಾಧನ ರೈತನ ಸ್ವಂತ ಕೈಯಲ್ಲಿ ಇರಬೇಕೆಂದು ನಾನು ಹೇಳುವುದು.

ಈಗ ಸಾಮಾನಿನ ವಿಚಾರ. ಮೌಸಿನ ಕೆಳಗೆ ಒಂದು ಸಣ್ಣ ದೀಪ, ಒಂದು ಸಣ್ಣ ಕ್ಯಾಮೆರಾ ಇರುತ್ತವೆ. ಮೌಸು ಸರಿದಂತೆ ಆ ಕ್ಯಾಮೆರಾ ಮೇಜಿನ ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ತಾಳೆ ನೋಡಿ, ಯಾವ ಕಡೆಗೆ ಎಷ್ಟು ಸರಿದೆವು ಎಂದು ಲೆಕ್ಕ ಹಾಕುತ್ತದೆ. ಪರದೆಯ ಮೇಲಿನ ಬಾಣ ಅದರಂತೆ ಓಡುತ್ತದೆ. ತಂತಿಯ ಮೌಸು ಈ ಲೆಕ್ಕವನ್ನು ತಂತಿಯಲ್ಲಿ ಕಳಿಸಿದರೆ, ತಂತಿಯಿಲ್ಲದ್ದು ರೇಡಿಯೋ ಅಲೆಯಲ್ಲಿ ಕಳಿಸುತ್ತದೆ. ಕೆಲವಕ್ಕೆ ಕೆಂಪು ಬೆಳಕು ಕಾಣುತ್ತದೆ, ಕೆಲವಕ್ಕೆ ಕಣ್ಣಿಗೆ ಕಾಣದ ಬೆಳಕು. ಬೆಳಕು ಕಾಣಲಿಲ್ಲವೆಂದು ಮೌಸು ಕೆಟ್ಟಿದೆಯೆಂದು ತಿಳಿಯಬೇಡಿರಿ.

ತಂತಿಯಿಲ್ಲದ ಮೌಸುಗಳಲ್ಲಿ ಎರಡು ಜಾತಿ. ಒಂದರ ಜೊತೆ ಉಗುರಿನಷ್ಟು ಚಿಕ್ಕ ರಿಸೀವರ್ ಬರುತ್ತದೆ. ಅದನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಸಾಕು, ಕೆಲಸ ಶುರು. ಇನ್ನೊಂದು ಬ್ಲೂಟೂತ್ ಜಾತಿ. ಅದಕ್ಕೆ ರಿಸೀವರ್ ಬೇಕಿಲ್ಲ, ಆದರೆ ಕಂಪ್ಯೂಟರಿನಲ್ಲಿಯೇ ಬ್ಲೂಟೂತ್ ಇರಬೇಕು. ಹಳೆಯ ಮೇಜಿನ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ನಾನು ರಿಸೀವರ್ ಜಾತಿಯನ್ನೇ ಹೇಳುತ್ತೇನೆ, ಯಾಕೆಂದರೆ ಜೋಡಿಸುವ ತಕರಾರು ಇಲ್ಲ. ಅದರ ಒಂದೇ ದೋಷವೆಂದರೆ ರಿಸೀವರ್ ಕಳೆದರೆ ಮೌಸು ಹೋದಂತೆಯೇ. ಕೆಲವು ಕಂಪನಿಗಳವಕ್ಕೆ ಬೇರೆ ರಿಸೀವರ್ ಜೋಡಿಸಿಕೊಳ್ಳಬಹುದು. ಅಗ್ಗದವುಗಳಲ್ಲಿ ಆ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಮೌಸಿನ ಹೊಟ್ಟೆಯೊಳಗೆ, ಸೆಲ್ ಹಾಕುವ ಜಾಗದ ಪಕ್ಕದಲ್ಲಿ, ರಿಸೀವರ್ ಇಡಲು ಒಂದು ಗೂಡು ಇರುವಂಥದನ್ನು ಆರಿಸಿರಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಹಳೆಯ ಅಗಲವಾದ ಕಿಂಡಿಯೇ ಇಲ್ಲ, ಮೊಬೈಲ್ ಚಾರ್ಜರಿನಂಥ ಟೈಪ್-ಸಿ ಕಿಂಡಿ ಮಾತ್ರ. ಆದ್ದರಿಂದ ಮನೆಯ ಯಂತ್ರದ ಕಿಂಡಿ ನೋಡಿಕೊಂಡೇ ಪೇಟೆಗೆ ಹೋಗಿರಿ.

ತಂತಿಯಿಲ್ಲದ್ದೇ ಬೇಕೇ? ಎಲ್ಲರಿಗೂ ಬೇಕಿಲ್ಲ. ಸೊಸೈಟಿಯಲ್ಲಿ, ಪಂಚಾಯಿತಿಯಲ್ಲಿ ಒಂದೇ ಮೇಜಿನ ಮೇಲೆ ಕದಲದೆ ಕುಳಿತ ಕಂಪ್ಯೂಟರಿಗೆ ತಂತಿಯ ಮೌಸೇ ಲೇಸು. ಅಗ್ಗ, ಸೆಲ್ಲಿನ ಖರ್ಚಿಲ್ಲ, ಯಾರೂ ಜೇಬಿಗೆ ಹಾಕಿಕೊಂಡು ಹೋಗಲಾರರು. ಹಣದ ವ್ಯವಹಾರ ನಡೆಯುವ ಕಡೆ ಇನ್ನೊಂದು ಕಾರಣವೂ ಉಂಟು: ರಿಸೀವರ್ ಜಾತಿಯ ಕೆಲವು ಮೌಸುಗಳ ರೇಡಿಯೋ ಮಾತಿನ ನಡುವೆ ಹೊರಗಿನವರು ನುಸುಳಬಹುದೆಂದು 2016ರಲ್ಲಿ ತಜ್ಞರು ತೋರಿಸಿದರು. ಆದರೆ ಲ್ಯಾಪ್‌ಟಾಪನ್ನು ಪಡಸಾಲೆಗೆ, ಕಟ್ಟೆಗೆ, ಸಂಘದ ಸಭೆಗೆ ಒಯ್ದು ನಾಲ್ಕು ಜನ ಸುತ್ತ ಕುಳಿತು ನೋಡುವ ಕಡೆ ತಂತಿಯಿಲ್ಲದ್ದು ಬಹಳ ಅನುಕೂಲ. ಮೌಸು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತದೆ, ಯಂತ್ರ ಇದ್ದಲ್ಲೇ ಇರುತ್ತದೆ. ಮತ್ತೆ, ಕಾಳಿನ ಚೀಲ ಒಟ್ಟಿದ ಮನೆಯಲ್ಲಿ ಜೀವಂತ ಇಲಿ ತಂತಿಯನ್ನು ಕಡಿಯದೆ ಬಿಡುವುದೇ? ಕಂಪನಿಯವರು ಡಬ್ಬಿಯ ಮೇಲೆ ಬರೆಯದ ಅನುಕೂಲ ಇದು.

ಸಾಧಾರಣ ಕೆಲಸಕ್ಕೆ ಸುಮಾರು 300ರಿಂದ 800 ರೂಪಾಯಿಯೊಳಗಿನದು ಧಾರಾಳವಾಗಿ ಸಾಕು. ಡಬ್ಬಿಯ ಮೇಲೆ ‘ಡಿಪಿಐ’ ಎಂದು ದೊಡ್ಡ ಅಂಕಿ ಬರೆದು ಹೆಚ್ಚಿನ ಬೆಲೆ ಹೇಳುತ್ತಾರೆ. ಅದರ ಅರ್ಥ, ಮೌಸು ಒಂದು ಅಂಗುಲ ಸರಿದರೆ ಬಾಣ ಎಷ್ಟು ಚುಕ್ಕೆ ದಾಟುತ್ತದೆ ಎಂಬುದು. ಅನೇಕ ಲ್ಯಾಪ್‌ಟಾಪುಗಳ ಪರದೆ 1366 ಚುಕ್ಕೆ ಅಗಲ. 1000 ಡಿಪಿಐ ಮೌಸು ಒಂದೂವರೆ ಅಂಗುಲದೊಳಗೆ ಅದನ್ನು ಈ ಕಡೆಯಿಂದ ಆ ಕಡೆಗೆ ದಾಟಿಬಿಡುತ್ತದೆ. ಅದಕ್ಕಿಂತ ವೇಗ ಆಟವಾಡುವವರಿಗೆ ಬೇಕು. ಕಲಿಯುವ ಕೈಗೆ ವೇಗ ಹೆಚ್ಚಾದಷ್ಟೂ ಬಾಣ ಬೆದರಿದ ಹೋರಿಯಂತೆ ಓಡಿ ಪರದೆಯ ಮೂಲೆ ಸೇರುತ್ತದೆ. ಬಣ್ಣದ ದೀಪ, ಏಳೆಂಟು ಗುಂಡಿ, ಇವಕ್ಕೆ ಹಣ ಸುರಿಯಬೇಡಿರಿ.

ಕುಷ್ಟಗಿಗೋ ಇಳಕಲ್ಲಿಗೋ ಹೋದಾಗ ಕೊಳ್ಳುವುದಾದರೆ ಅಂಗಡಿಯಲ್ಲಿಯೇ ಆಡಿಸಿ ನೋಡಿರಿ. ಇಲ್ಲೊಂದು ಮಾತು ಲಕ್ಷ್ಯದಲ್ಲಿರಲಿ. ಅಂಗಡಿಯ ಕೌಂಟರು ಬಹುಮಟ್ಟಿಗೆ ಗಾಜಿನದು. ಗಾಜಿನ ಮೈಯ ಮೇಲೆ ಕ್ಯಾಮೆರಾಕ್ಕೆ ಗುರುತು ಹಿಡಿಯಲು ಏನೂ ಸಿಗದು. ಒಳ್ಳೆಯ ಮೌಸೂ ಅಲ್ಲಿ ತಡವರಿಸುತ್ತದೆ. ಒಂದು ವರ್ತಮಾನಪತ್ರಿಕೆಯನ್ನು ಹಾಸಿ ಅದರ ಮೇಲೆ ಪರೀಕ್ಷೆ ಮಾಡಿರಿ. ಅಂಗೈ ಪೂರ್ತಿ ಮೌಸಿನ ಮೇಲೆ ಕುಳಿತು ಬೆರಳು ಗುಂಡಿಯ ಮೇಲೆ ತಾನಾಗಿ ಬೀಳಬೇಕು. ರಂಟೆ, ಸಲಿಕೆ ಹಿಡಿದ ದೊಡ್ಡ ಕೈಗೆ ಚಪ್ಪಟೆಯಾದ ಪುಟ್ಟ ಮೌಸು ಹಿಡಿಸದು, ಸ್ವಲ್ಪ ಹೊತ್ತಿನಲ್ಲಿಯೇ ಮಣಿಕಟ್ಟು ನೋಯುತ್ತದೆ. ಎರಡೂ ಗುಂಡಿ ಒತ್ತಿರಿ, ನಡುವಿನ ಗಾಲಿ ತಿರುಗಿಸಿರಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಆಡಿಸಿರಿ. ಎಡಗೈ ಬಳಸುವವರು ಎರಡೂ ಕಡೆ ಸಮನಾಗಿರುವ ಆಕಾರದ್ದನ್ನು ತೆಗೆದುಕೊಂಡು, ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಗುಂಡಿಗಳನ್ನು ಅದಲುಬದಲು ಮಾಡಿಸಿಕೊಳ್ಳಬಹುದು. ಬಿಲ್ಲು, ವಾರಂಟಿ ಚೀಟಿ ಇಲ್ಲದೆ ಹಣ ಕೊಡಕೂಡದು. ಹಳತಾದ ಮೌಸಿಗೆ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗುವ ರೋಗ ಬರುವುದುಂಟು, ಅದು ವಾರಂಟಿಯೊಳಗೇ ಬಂದರೆ ಚೀಟಿ ಕೆಲಸಕ್ಕೆ ಬರುತ್ತದೆ.

ಮನೆಯಲ್ಲಿ ಕಂಪ್ಯೂಟರಿಲ್ಲದವರಿಗೂ ಒಂದು ಉಪಯೋಗ ಹೇಳಬೇಕು. ವರ್ಷಗಟ್ಟಲೆ ಮಣ್ಣಿನಲ್ಲಿ ದುಡಿದು ಬೆರಳ ತುದಿ ಒಣಗಿ ದಡ್ಡುಗಟ್ಟಿದವರು ಮೊಬೈಲ್ ಪರದೆ ಎಷ್ಟು ಒತ್ತಿದರೂ ಕೇಳುವುದಿಲ್ಲವೆಂದು ಬೇಸರಪಡುವುದನ್ನು ನಾನು ಹಳ್ಳಿಹಳ್ಳಿಯಲ್ಲಿ ನೋಡುತ್ತೇನೆ. ಅದು ಅವರ ದಡ್ಡತನವಲ್ಲ. ಆ ಪರದೆ ಬೆರಳಿನ ಚರ್ಮದ ವಿದ್ಯುತ್ ಗುಣವನ್ನು ಹಿಡಿದು ಕೆಲಸ ಮಾಡುವಂಥದು; ಒಣಗಿದ ದಪ್ಪ ಚರ್ಮ ಅದಕ್ಕೆ ಸರಿಯಾಗಿ ತಿಳಿಯದು. ಮೌಸಿನ ಗುಂಡಿಗೆ ಚರ್ಮದ ಹಂಗಿಲ್ಲ. ಆಂಡ್ರಾಯ್ಡ್ ಮೊಬೈಲಿಗೆ ಬ್ಲೂಟೂತ್ ಮೌಸನ್ನು ಜೋಡಿಸಬಹುದು, ಅಥವಾ ಓಟಿಜಿ ಎಂಬ ಸಣ್ಣ ಕೊಂಡಿಯ ಮೂಲಕ ರಿಸೀವರನ್ನೇ ಚುಚ್ಚಬಹುದು. ಎಲ್ಲ ಮೊಬೈಲಿಗೂ ಓಟಿಜಿ ಒಗ್ಗುವುದಿಲ್ಲ, ಅಂಗಡಿಯಲ್ಲಿ ಚುಚ್ಚಿ ನೋಡಿಯೇ ಕೊಳ್ಳಿರಿ. ಪರದೆಯ ಮೇಲೆ ಬಾಣ ಮೂಡುತ್ತದೆ. ಬೆಳೆ ಸಮೀಕ್ಷೆಯ ವಿವರ ತೋರಿಸುವ ‘ಬೆಳೆ ದರ್ಶಕ’ದಂಥ ಆ್ಯಪನ್ನು ಹೀಗೆ ಹಿರಿಯರೂ ತಾವೇ ನೋಡಬಹುದು, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸಬಹುದು.

ಇನ್ನು ಹಿಡಿಯುವ ಬಗೆ. ಸೆಲ್ ಹಾಕಿ, ಕೆಳಗಿನ ಸ್ವಿಚ್ಚನ್ನು ಆನ್ ಮಾಡಿರಿ. ಅನೇಕರು ಸ್ವಿಚ್ಚನ್ನು ಮರೆತು ಅಂಗಡಿಯವನನ್ನು ಬೈಯುತ್ತಾರೆ. ಮೊಣಕೈಯಿಂದ ಮಣಿಕಟ್ಟಿನ ತನಕ ಮೇಜಿನ ಮೇಲೆ ಆತು ಇರಲಿ. ಮೌಸನ್ನು ಬಿಗಿಹಿಡಿಯದೆ ಹಗುರವಾಗಿ ಸರಿಸಿರಿ. ಕಣ್ಣು ಪರದೆಯ ಮೇಲಿರಲಿ, ಕೈಯ ಮೇಲಲ್ಲ. ಬಿತ್ತುವಾಗ ಕೂರಿಗೆಯ ತಾಳನ್ನು ನೋಡುತ್ತ ನಡೆದರೆ ಸಾಲು ಸೊಟ್ಟಾಗುವುದಿಲ್ಲವೇ? ಮೇಜಿನ ಅಂಚು ಬಂದರೆ ಗಾಬರಿ ಬೇಡ. ಸಾಲಿನ ಕೊನೆಗೆ ಕೂರಿಗೆ ಎತ್ತಿದಂತೆ ಮೌಸನ್ನು ತುಸು ಎತ್ತಿ ಹಿಂದಕ್ಕಿಟ್ಟು ಮತ್ತೆ ಸರಿಸಿರಿ. ಎತ್ತಿದಾಗ ಬಾಣ ಇದ್ದಲ್ಲೇ ನಿಲ್ಲುತ್ತದೆ. ಎಡಗುಂಡಿಯನ್ನು ಒಮ್ಮೆ ಒತ್ತುವುದು ಆರಿಸಲಿಕ್ಕೆ, ಬೇಗ ಎರಡು ಸಲ ಒತ್ತುವುದು ತೆರೆಯಲಿಕ್ಕೆ, ಒತ್ತಿಹಿಡಿದು ಸರಿಸುವುದು ಎಳೆಯಲಿಕ್ಕೆ. ಎರಡು ಸಲ ಒತ್ತುವುದು ಹಿರಿಯರಿಗೆ ಕಠಿಣವಾದರೆ ಸೆಟ್ಟಿಂಗ್ಸ್‌ನಲ್ಲಿ ಅದರ ವೇಗ ಇಳಿಸಿಕೊಳ್ಳಬಹುದು. ಬಾಣವನ್ನು ದೊಡ್ಡದು ಮಾಡಬಹುದು, ಅದರ ಓಟವನ್ನೂ ತಗ್ಗಿಸಬಹುದು.

ಅಭ್ಯಾಸಕ್ಕೆ ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಇಸ್ಪೀಟು ಒಳ್ಳೆಯದು. ಎಲೆಯನ್ನು ಒತ್ತಿಹಿಡಿದು ಎಳೆದು ಇನ್ನೊಂದರ ಮೇಲೆ ಬಿಡುವುದರಿಂದ ಕೈ ಪಳಗುತ್ತದೆ. ಗ್ರಾಮಸೇವಕನು ಇಸ್ಪೀಟಾಡಿರೆಂದು ಹೇಳುವುದು ಇದೊಂದೇ ಸಂದರ್ಭದಲ್ಲಿ. ಇಲ್ಲಿ ಹಣ ಕಟ್ಟುವಂತಿಲ್ಲ. ಎರಡು ದಿನ ಅದಾದ ಮೇಲೆ ಸ್ವಂತ ಪಹಣಿಗೆ ಬನ್ನಿರಿ. ಜಿಲ್ಲೆ ಕೊಪ್ಪಳ, ತಾಲೂಕು ಕುಷ್ಟಗಿ, ಹೋಬಳಿ ಹನುಮಸಾಗರ, ಆಮೇಲೆ ಊರು, ಸರ್ವೆ ನಂಬರು, ಹಿಸ್ಸಾ, ಒಂದೊಂದನ್ನೂ ಪಟ್ಟಿಯಿಂದ ಆರಿಸುತ್ತ ಹೋಗಬೇಕು. ಪುಟವನ್ನು ಮೇಲೆ ಕೆಳಗೆ ಮಾಡಲು ನಡುವಿನ ಗಾಲಿ. ಆದರೆ ಪಟ್ಟಿಯ ಮೇಲೆ ಬಾಣವಿದ್ದಾಗ ಗಾಲಿ ತಿರುಗಿದರೆ ಕೆಲವೊಮ್ಮೆ ಆರಿಸಿದ ಊರೇ ಬದಲಾಗಿ ಪಕ್ಕದ ಊರು ಬಂದುಬಿಡುತ್ತದೆ. ಆದ್ದರಿಂದ ಕೊನೆಯ ಗುಂಡಿ ಒತ್ತುವ ಮೊದಲು ಎಲ್ಲ ಹೆಸರುಗಳನ್ನು ಇನ್ನೊಮ್ಮೆ ಓದಿರಿ. ಹಣ ಕಟ್ಟುವ ಪುಟದಲ್ಲಿ ಒಂದೇ ಸಲ ಒತ್ತಿ ಕೈ ಹಿಂದೆಗೆಯಿರಿ. ತಡವಾಯಿತೆಂದು ಮತ್ತೆ ಮತ್ತೆ ಒತ್ತಿದರೆ ಎರಡು ಸಲ ಹಣ ಹೋಗುವ ಸಂಭವವಿದೆ.

ಬಾಣ ಕುಪ್ಪಳಿಸತೊಡಗಿದರೆ ಮೊದಲು ಸೆಲ್ ಬದಲಿಸಿ ನೋಡಿರಿ. ಆಮೇಲೆ ಮೌಸನ್ನು ಮಗುಚಿ ಕ್ಯಾಮೆರಾದ ಕಿಂಡಿ ನೋಡಿರಿ. ನಮ್ಮ ಕಡೆಯ ಗಾಳಿಕಾಲದ ಧೂಳಿಗೆ ಅಲ್ಲಿ ಕೂದಲು, ಹೊಟ್ಟು ಸೇರಿರುತ್ತದೆ. ಒಣ ಹತ್ತಿಯ ಬಟ್ಟೆಯಿಂದ ಮೆಲ್ಲಗೆ ತೆಗೆಯಬೇಕು, ನೀರು ಹಾಕಕೂಡದು. ಇಷ್ಟಾದರೂ ಸರಿಹೋಗದಿದ್ದರೆ ರಿಸೀವರನ್ನು ಬೇರೆ ಕಿಂಡಿಗೆ ಬದಲಿಸಿರಿ. ಕಬ್ಬಿಣದ ಪೆಟ್ಟಿಗೆಯ ಹಿಂಬದಿಯಲ್ಲಿ ಚುಚ್ಚಿದರೆ ಅಲೆಗೆ ಅಡ್ಡಿ, ಮಗ್ಗುಲಲ್ಲಿಯೇ ಹಾರ್ಡ್‌ಡಿಸ್ಕ್ ಚುಚ್ಚಿದ್ದರೂ ಅಡ್ಡಿ.

ಸೆಲ್ಲು ಹೆಚ್ಚಾಗಿ ಗೋಡೆ ಗಡಿಯಾರಕ್ಕೆ ಹಾಕುವಂಥದೇ. ಅಗ್ಗದ ಸೆಲ್ಲಿಗಿಂತ ಆಲ್ಕಲೈನ್ ಎಂದು ಬರೆದದ್ದು ಹೆಚ್ಚು ದಿನ ಬರುತ್ತದೆ. ಎರಡು ಸೆಲ್ಲಿನ ಮೌಸಾದರೆ ಹಳೆಯದೊಂದು ಹೊಸದೊಂದು ಬೆರೆಸಬೇಡಿರಿ. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿರಿ. ಸುಗ್ಗಿಯ ಹೊತ್ತಿನಲ್ಲಿ ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದಾದರೆ ಸೆಲ್ ತೆಗೆದಿಟ್ಟು ರಿಸೀವರನ್ನು ಅದರ ಗೂಡಿಗೆ ಸೇರಿಸಿರಿ. ಒಳಗೆ ಬಿಟ್ಟ ಸೆಲ್ಲು ಸೋರಿ ತಗಡನ್ನು ತಿಂದುಹಾಕುತ್ತದೆ. ಸೋರಿದ್ದನ್ನು ಬರಿಗೈಯಲ್ಲಿ ಮುಟ್ಟದೆ ಬಟ್ಟೆಯಿಂದ ಹಿಡಿದು ತೆಗೆಯಿರಿ. ತೀರಿದ ಸೆಲ್ಲುಗಳನ್ನು ಒಲೆಗಾಗಲಿ ತಿಪ್ಪೆಗಾಗಲಿ ಹಾಕಬೇಡಿರಿ. ತಿಪ್ಪೆಯ ಗೊಬ್ಬರ ಹೊಲಕ್ಕೇ ಹೋಗುವುದಷ್ಟೆ. ಅವನ್ನು ಒಂದು ಡಬ್ಬಿಯಲ್ಲಿ ಕೂಡಿಟ್ಟು, ಮಕ್ಕಳ ಕೈಗೆ ಸಿಗದಂತೆ ನಾಗಂದಿಗೆಯ ಮೇಲಿರಿಸಿ, ಪಂಚಾಯಿತಿಯ ಕಸದ ಗಾಡಿ ಬಂದಾಗ ಬೇರೆಯಾಗಿ ಕೊಡಿರಿ.