ಬದುಕೇ ಬರಹದ ಬೇರು



ಕಳೆದ ಅಮಾವಾಸ್ಯೆಯ ಶಿವಾನುಭವ ಗೋಷ್ಠಿ ಮುಗಿದ ಮೇಲೆ ಹಿರಿಯ ರೈತರೊಬ್ಬರು ನನ್ನ ಬಳಿ ಬಂದು, "ವಚನ ಬರದವ್ರು ಓದಿದ ಮಂದಿ, ಸೆಕ್ರೆಟರಿಯವರ. ನಾವು ಹೊಲದಾಗ ದುಡಿಯಾವ್ರು. ನಮಗದು ಹ್ಯಾಂಗ ತಿಳಿದೀತು?" ಎಂದರು. ಆಗ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಕಿರ್ದಿ ಖಾತೆ ಬರೆಯುವವನು ನಾನು, ಸಾಹಿತ್ಯದ ಪಂಡಿತನಲ್ಲ. ಆದರೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ತಿಳಿದಷ್ಟನ್ನು ಈ ಸಲದ ಪಾಠವಾಗಿ ಮುಂದಿಡುತ್ತಿದ್ದೇನೆ.

12ನೆಯ ಶತಮಾನದ ವಚನಕಾರರಲ್ಲಿ ಹೆಚ್ಚಿನವರು ದುಡಿದು ಉಂಡವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರು. ಹೊಳೆಯ ಸೆಳವಿನ ಎದುರು ಹುಟ್ಟು ಹಾಕುವವರಿಗೆ ನಯದ ಮಾತಿಗೆ ಪುರಸೊತ್ತು ಎಲ್ಲಿ? ಅವರ ವಚನದ ಬಿರುಸು ಆ ಕಾಯಕದಿಂದಲೇ ಬಂದದ್ದು. ದೇವರ ಹೆಸರಿನ ಬದಲು ತಮ್ಮ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ ಎದೆಗಾರಿಕೆಯೂ ಅವರದು. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ಬಂದ ಹಣದಿಂದ ದಾಸೋಹ ಮಾಡಿದವರು. ಅದಕ್ಕೇ ಕಾಯಕದಿಂದ ಯಾರಿಗೂ ವಿನಾಯಿತಿ ಇಲ್ಲ, ಗುರುವಿಗೂ ಇಲ್ಲ ಎಂದು ಅವರು ನಿಷ್ಠುರವಾಗಿ ಹೇಳಬಲ್ಲವರಾದರು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ನೋಡಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವ ಬಡತನ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದರು ಲಕ್ಕಮ್ಮ. ಬಡತನ ಇರುವುದು ಹಣದಲ್ಲಲ್ಲ, ಮನಸ್ಸಿನಲ್ಲಿ ಎಂಬ ಅವರ ವಿಚಾರ ಪುಸ್ತಕ ಓದಿ ಬಂದದ್ದಲ್ಲ; ದಿನಾಲು ಅಕ್ಕಿಯನ್ನು ಅಳೆದು ಅಡಿಗೆ ಮಾಡುತ್ತಿದ್ದ ಕೈಯಿಂದ ಬಂದದ್ದು. ಉಂಡು ಮಿಕ್ಕವರು ಇದೇ ಮಾತು ಹೇಳಿದ್ದರೆ ಅದು ಬರಿಯ ಉಪದೇಶವಾಗುತ್ತಿತ್ತು.

ನಮ್ಮ ಸೊಲ್ಲಾಪುರ ಸೀಮೆಯದೇ ಇನ್ನೊಂದು ನಿದರ್ಶನ. ವರಕವಿ ದ.ರಾ. ಬೇಂದ್ರೆಯವರು 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅದಕ್ಕೆ ಮೊದಲು ಅವರು ಪಟ್ಟ ಪಾಡು ಸಣ್ಣದಲ್ಲ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆಯ ಋಣವನ್ನು ಅವರು ತಮ್ಮ ಕಾವ್ಯನಾಮದಲ್ಲೇ ಇಟ್ಟುಕೊಂಡರು: ಅಂಬಿಕಾತನಯದತ್ತ. 'ನರಬಲಿ' ಕವಿತೆಗಾಗಿ 1932ರಲ್ಲಿ ಸೆರೆಮನೆ ಕಂಡರು. ಆಮೇಲೆ ಹಲವು ವರ್ಷ ನೆಲೆಯಾದ ನೌಕರಿ ಇರಲಿಲ್ಲ. ಹೆತ್ತ ಮಕ್ಕಳಲ್ಲಿ ಅನೇಕರನ್ನು ಕಳೆದುಕೊಂಡರು. ಮಗುವಿನ ಸಾವಿನ ಮೇಲೆ ಅವರು ಬರೆದ ಪ್ರಸಿದ್ಧ ಹಾಡಿನಲ್ಲಿ ಎದ್ದು ಕಾಣುವುದು ತನ್ನ ಕಡೆಗೆ ನೋಡುವ ಹೆಂಡತಿಯ ಕಣ್ಣು. ಆ ನೋಟವನ್ನು ತಾಳಲಾರದ ಗಂಡನ ಸಂಕಟ. ಅದೂ ಪುಸ್ತಕದ ಭಾಷೆಯಲ್ಲಲ್ಲ, ಮನೆಯೊಳಗಿನ ಧಾರವಾಡದ ಮಾತಿನಲ್ಲಿ. ಕೂಸನ್ನು ಕಳೆದುಕೊಂಡ ಯಾವ ತಾಯಿ ತಂದೆಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಷ್ಟಪಟ್ಟವರೆಲ್ಲ ಕವಿಗಳಾಗುವುದಿಲ್ಲ. ಹತ್ತಿ ಬೆಳೆದ ಮಾತ್ರಕ್ಕೆ ಅರಿವೆಯಾಗುವುದಿಲ್ಲ. ಹಿಂಜಬೇಕು, ನೂಲಬೇಕು, ನೇಯಬೇಕು. ದುಃಖವೂ ಹಾಗೆಯೇ. ಅದನ್ನು ಬರಿಯ ದೂರು ಮಾಡಿದರೆ ನಮ್ಮೊಬ್ಬರ ಗೋಳಾಗುತ್ತದೆ. ಸತ್ಯವಾಗಿ ನೋಡಿ, ಸರಿಯಾದ ಮಾತಿನಲ್ಲಿ ಇಟ್ಟರೆ ಎಲ್ಲರ ಅನುಭವವಾಗುತ್ತದೆ. ಶರಣರು ಅನುಭಾವ ಎಂದು ಮಾತನಾಡಿದ್ದು ಬದುಕನ್ನು ಬಿಟ್ಟಲ್ಲ.

ಮತ್ತೆ ಆ ಹಿರಿಯರ ಮಾತಿಗೆ ಬರುತ್ತೇನೆ. ಅವರಿಗೆ ಹಂತಿ ಪದ ಬಾಯಿಪಾಠ. ಕಣದಲ್ಲಿ ಎತ್ತು ತಿರುಗಿಸುತ್ತ ರಾತ್ರಿಯೆಲ್ಲ ಹಾಡಿದವರು. ಅಂದು ಪ್ರಸಾದವಾದ ಮೇಲೆ ನಾಲ್ಕು ನುಡಿ ಹಾಡಿಯೂ ತೋರಿಸಿದರು. ಎಲ್ಲರೂ ತಲೆದೂಗಿದೆವು, ಬರೆದುಕೊಂಡವರು ಒಬ್ಬರೂ ಇಲ್ಲ. ಈಗ ರಾಶಿ ಮಾಡಲು ಮಷೀನು ಬಂದಿದೆ, ಹಂತಿ ಹೂಡುವವರಿಲ್ಲ. ಮನೆಯ ಮಕ್ಕಳಲ್ಲಿ ಅನೇಕರು ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅಜ್ಜನ ಪದ ಕೇಳಿದರೂ ಅವರಿಗೆ ಕನ್ನಡದಲ್ಲಿ ಬರೆಯಲು ಬಾರದು. ಅಡತಿ ಅಂಗಡಿಯ ಲೆಕ್ಕದಲ್ಲಿ ಒಂದು ಚೀಲ ತೊಗರಿ ತಪ್ಪಿದರೆ ನಿದ್ದೆಗೆಡುವ ನಾವು, ಈ ನಷ್ಟವನ್ನು ಯಾವ ಖಾತೆಗೂ ಹಾಕಿಲ್ಲ.

ಆದ್ದರಿಂದ ಮುಂದಿನ ಗೋಷ್ಠಿಗೆ ಶ್ರೀಮಠದಿಂದ ಒಂದು ದಪ್ಪ ವಹಿ ಇಡಲಾಗುವುದು. ಹಂತಿ ಪದ, ಬೀಸುವ ಪದ, ಬರಗಾಲದ ನೆನಪು ಬಲ್ಲವರು ಬಂದು ಹೇಳಬೇಕು. ಕನ್ನಡ ಬಲ್ಲ ಹುಡುಗ ಹುಡುಗಿಯರು ಬರೆದುಕೊಳ್ಳಬೇಕು.

ಗೋಷ್ಠಿಯಲ್ಲಿ ಚಿಂತನೆಗೆ:

1. ನಿಮಗೆ ಬರುವ ಒಂದು ವಚನದಲ್ಲಿ ಆ ಶರಣರ ಕಾಯಕ ಎಲ್ಲಿ ಕಾಣುತ್ತದೆ?
2. ಕಷ್ಟವನ್ನು ದೂರುವುದಕ್ಕೂ ಕಷ್ಟವನ್ನು ಅರಿಯುವುದಕ್ಕೂ ಏನು ವ್ಯತ್ಯಾಸ?
3. ನಿಮ್ಮ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುವ ಹಾಡು ಯಾವುದು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಇಂದೇ ಮನೆಯಲ್ಲಿ ಕೇಳಿಕೊಂಡು ಬನ್ನಿ.

ಶರಣು ಶರಣಾರ್ಥಿ.

ಕಾರ್ಯದರ್ಶಿ, ಶ್ರೀಮಠ