ಗ್ಲೈಡಿಂಗ್ ಕ್ಲಬ್ಬಿನಲ್ಲಿ ಒಂದು ದಿನ

ಲಂಡನ್ನಿನ ಉತ್ತರಕ್ಕೆ, ಡನ್‌ಸ್ಟಬಲ್ ಗುಡ್ಡಗಳ ಬುಡದಲ್ಲಿರುವ, 1930ರಲ್ಲಿ ಸ್ಥಾಪಿತವಾದ ಲಂಡನ್ ಗ್ಲೈಡಿಂಗ್ ಕ್ಲಬ್ಬಿನಂತಹ ಸಂಸ್ಥೆಯಲ್ಲಿ ಹಾರಲು ಕಲಿಯಬಯಸುವವರು ಮೊದಲು ಮನಗಾಣಬೇಕಾದುದೇನೆಂದರೆ, ಅಂತರಿಕ್ಷದ ಕೆಲವು ನಿಮಿಷಗಳಿಗಾಗಿ ನೆಲದ ಮೇಲೆ ಇಡೀ ದಿನವನ್ನು ಮುಡಿಪಿಡಬೇಕಾಗುತ್ತದೆ. ನೆಲದ ಮೇಲಿನ ಆ ದುಡಿಮೆಯೂ ವಿದ್ಯಾಭ್ಯಾಸವೇ.

ಮುಂಜಾನೆಯೇ ಹೋಗಿ ಸರದಿಯ ಪಟ್ಟಿಯಲ್ಲಿ ಹೆಸರು ಬರೆಸಿರಿ. ಬೆಚ್ಚನೆಯ ಉಡುಪು, ಟೋಪಿ, ನೀರು ಜೊತೆಯಲ್ಲಿರಲಿ. ಹ್ಯಾಂಗರಿನಿಂದ ಗ್ಲೈಡರುಗಳನ್ನು ಹೊರತರುವಾಗ ತೋರಿಸಿದೆಡೆಯಲ್ಲಿ ಮಾತ್ರ ಕೈಯಿಟ್ಟು ತಳ್ಳಬೇಕು. ಶಿಕ್ಷಣಕ್ಕೆ ಬಳಸುವ ಎರಡಾಸನದ ಕೆ-21ರ ರೆಕ್ಕೆಗಳು ತುದಿಯಿಂದ ತುದಿಗೆ 17 ಮೀಟರು ಚಾಚಿರುವುದರಿಂದ, ತುದಿ ಹಿಡಿದವರು ಕ್ಷಣಕಾಲ ಅಲಕ್ಷ್ಯ ಮಾಡಿದರೂ ಅದು ಬಾಗಿಲಿಗೋ ನೆರೆಯ ಗ್ಲೈಡರಿಗೋ ತಾಗೀತು.

ಸರದಿ ಬಂದಾಗ ಪ್ಯಾರಾಶೂಟು ತೊಟ್ಟು, ಶಿಕ್ಷಕರ ಮುಂದಿನ ಆಸನದಲ್ಲಿ ಕುಳಿತು, ಪಟ್ಟಿಗಳನ್ನು ಬಿಗಿದುಕೊಳ್ಳಿರಿ. ಚಾಲನದಂಡವೂ ಪೆಡಲುಗಳೂ ಅಡೆತಡೆಯಿಲ್ಲದೆ ಆಡುತ್ತವೆಯೇ, ಕುಳಿತವರ ತೂಕ ಫಲಕದಲ್ಲಿ ನಮೂದಿಸಿದ ಮಿತಿಯೊಳಗಿದೆಯೇ, ಮೇಲಿನ ಮುಚ್ಚಳ ಭದ್ರವಾಗಿದೆಯೇ, ಏರ್‌ಬ್ರೇಕು ಮುಚ್ಚಿದೆಯೇ ಎಂಬುದನ್ನು ಬಾಯಿಬಿಟ್ಟು ಹೇಳುತ್ತ ಪರೀಕ್ಷಿಸಬೇಕು. ಇವೆಲ್ಲಕ್ಕಿಂತ ಮಿಗಿಲಾದುದು, ಗ್ಲೈಡರನ್ನು ನೆಲದಿಂದ ಎಳೆದು ಮೇಲೇರಿಸುವ ಯಂತ್ರವಾದ ವಿಂಚಿನ ಕೇಬಲ್ಲು ನಡುವೆ ತುಂಡಾದರೆ ಮಾಡತಕ್ಕುದೇನೆಂಬ ಪೂರ್ವನಿಶ್ಚಯ: ವಿಂಚಿನ ಸೆಳೆತಕ್ಕೆ ಕಡಿದಾಗಿ ಏರುತ್ತಿರುವ ಗ್ಲೈಡರು ಸೆಳೆತ ತಪ್ಪಿದೊಡನೆ ವೇಗವನ್ನು ಕಳೆದುಕೊಳ್ಳುವುದರಿಂದ, ತತ್‌ಕ್ಷಣವೇ ಅದರ ಮೂತಿಯನ್ನು ತಗ್ಗಿಸಿ, ವೇಗವು ಮರಳುವವರೆಗೆ ತಿರುಗದೆ, ಏರ್‌ಬ್ರೇಕನ್ನೂ ತೆರೆಯದೆ ಇದ್ದು, ಆಮೇಲೆ ಮುಂದೆ ಸಾಕಷ್ಟು ಬಯಲಿದ್ದರೆ ನೇರವಾಗಿಯೇ ಇಳಿಯಬೇಕು. ಶಿಕ್ಷಕರು ಇದನ್ನು ಬೇಕೆಂದೇ ಅಭ್ಯಾಸ ಮಾಡಿಸುತ್ತಾರೆ, ಅಂಜಿ ತಪ್ಪಿಸಿಕೊಳ್ಳಬಾರದು. ಸಂಪೂರ್ಣ ಶಿಕ್ಷಣದಲ್ಲಿ ಇದಕ್ಕಿಂತ ಅಮೂಲ್ಯವಾದ ಪಾಠವಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಪಶ್ಚಿಮದ ಗಾಳಿ ಬೀಸುವ ದಿನ ಇಲ್ಲಿ ಹಾರುವುದು ಭಾಗ್ಯವೇ ಸರಿ. ಗುಡ್ಡಕ್ಕೆ ಬಡಿದ ಗಾಳಿ ಊರ್ಧ್ವಮುಖವಾಗಿ ಹರಿಯುವುದರಿಂದ, ಆ ಸಾಲಿನ ಉದ್ದಕ್ಕೂ ಹೋಗಿಬರುತ್ತ ಎತ್ತರವನ್ನು ಉಳಿಸಿಕೊಳ್ಳಬಹುದು; ಆದರೆ ತಿರುವುಗಳೆಲ್ಲವೂ ಗುಡ್ಡದಿಂದ ಹೊರಮುಖವಾಗಿಯೇ ಇರಬೇಕು. ಬಿಸಿಲಿಗೆ ಕಾದ ಗಾಳಿ ಮೇಲೇರುವೆಡೆಯಲ್ಲಿ ಅನ್ಯರೊಬ್ಬರು ಮೊದಲೇ ಸುತ್ತುತ್ತಿದ್ದರೆ, ಅವರ ದಿಕ್ಕಿನಲ್ಲಿಯೇ ನೀವೂ ಸುತ್ತತಕ್ಕದ್ದು. ಇಂಜಿನ್ನಿಲ್ಲದ ಈ ವಿಮಾನಕ್ಕೆ, ಇಳಿಯುವಾಗ ಅಂದಾಜು ತಪ್ಪಿದರೆ ಮತ್ತೆ ಮೇಲೇರುವ ಅವಕಾಶವಿಲ್ಲವಾದ್ದರಿಂದ, ಕೈಯಲ್ಲಿ ಎತ್ತರವಿರುವಾಗಲೇ ಕ್ಷೇತ್ರದತ್ತ ಮರಳಿ, ಹೆಚ್ಚಾದುದನ್ನು ಏರ್‌ಬ್ರೇಕಿನಿಂದ ಕಳೆದುಕೊಳ್ಳಿರಿ.

ಇಳಿದವರು ಮೊದಲು ಮೈದಾನವನ್ನು ತೆರವುಮಾಡಿ, ಅನಂತರ ಮುಂದಿನವರ ರೆಕ್ಕೆ ಹಿಡಿಯಲು ಸಿದ್ಧರಾಗಬೇಕು. ಮೇಲೆ ಯಾರೂ ಇಳಿಯುತ್ತಿಲ್ಲವೆಂದು ನೋಡಿ, ಪೈಲಟ್ ಸಮ್ಮತಿಸಿದ ಮೇಲೆಯೇ ರೆಕ್ಕೆಯನ್ನು ಎತ್ತಿ ಸಮಮಾಡತಕ್ಕದ್ದು. ಅಪಾಯ ಕಂಡೊಡನೆ ‘ಸ್ಟಾಪ್’ ಎಂದು ಕೂಗಿ ಏರಿಕೆಯನ್ನು ನಿಲ್ಲಿಸುವ ಅಧಿಕಾರ, ಅಂದೇ ಬಂದ ಹೊಸಬರಿಗೂ ಉಂಟು.